ಫ್ಯಾಕ್ಟೋರಿಯಲ್ ಇರುವ ಸೀಕ್ವೆನ್ಸ್ ನಿಲ್ಲುತ್ತದೋ, ಹೋಗುತ್ತದೋ: ಬಿಡಿಸಿ ನೋಡುವ ಬಗೆ

ಸೇಡಂನಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಆರು ಹುಡುಗಿಯರು ಸಾಲಾಗಿ ಕೂಡುತ್ತಾರೆ. ಕಿಟಕಿ ಯಾರಿಗೆ ಅಂತ ದಿನಾ ಜಗಳ. ಒಂದು ದಿನ ನಾನೇ ಹೇಳಿದೆ, ದಿನಕ್ಕೊಂದು ಹೊಸ ಕ್ರಮದಲ್ಲಿ ಕೂತುಕೊಳ್ಳಿ, ಎಲ್ಲ ಕ್ರಮ ಮುಗಿದ ಮೇಲೆ ಜಗಳ ಮತ್ತೆ ಶುರು ಮಾಡಿ ಅಂತ. ಲೆಕ್ಕ ಹಾಕಿದರು: 6 × 5 × 4 × 3 × 2 × 1 = 720 ದಿನ, ಹತ್ತಿರ ಹತ್ತಿರ ಎರಡು ವರ್ಷ. ಡಿಗ್ರಿ ಮುಗಿಯುವ ಹೊತ್ತಿಗೆ ಸರಿಹೋಗುತ್ತದೆ. ಏಳನೆಯವಳು ಬಂದರೆ 5040 ದಿನ, ಹದಿನಾಲ್ಕು ವರ್ಷಕ್ಕೆ ಸ್ವಲ್ಪ ಕಮ್ಮಿ. ಹತ್ತು ಜನರಾದರೆ 36,28,800 ದಿನ, ಅಂದರೆ ಒಂಬತ್ತು ಸಾವಿರದ ಒಂಬೈನೂರು ವರ್ಷ ದಾಟುತ್ತದೆ.

ಹೀಗೆ 1ರ ತನಕ ಇಳಿಸುತ್ತಾ ಗುಣಿಸಿದ್ದೇ ಫ್ಯಾಕ್ಟೋರಿಯಲ್, ಅದು ಬೆಳೆಯುವ ರೀತಿ ಇದು. ಇಂಥದ್ದೊಂದು ಅಂಕಿ ಸೀಕ್ವೆನ್ಸ್‌ನ, ಅಂದರೆ ಸಂಖ್ಯೆಗಳ ಸಾಲಿನ, ಒಳಗೆ ಕೂತಾಗ ಬಿ.ಎಸ್ಸಿ. ಹುಡುಗರ ಕೈ ನಡುಗುವುದು ಸಹಜ. ಆರು ಜನರಲ್ಲಿ ಒಬ್ಬಳು ನೋಟ್‌ಬುಕ್ ಮುಂದಿಟ್ಟು, "ಅಕ್ಕೋರೆ, ಇದು ನಿಲ್ತದೋ ಹೋಗ್ತದೋ ನೋಡಿದ ಕೂಡ್ಲೆ ಹ್ಯಾಂಗ ಗೊತ್ತಾಗ್ತದ್ರಿ?" ಅಂತ ಕೇಳಿದಳು. ನೋಡಿದ ಕೂಡಲೇ ಗೊತ್ತಾಗುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳುವುದು ರೂಢಿಯಾದರೆ ಮುಕ್ಕಾಲು ಪಾಲು ಲೆಕ್ಕಗಳು ಎರಡು ಸಾಲಿನಲ್ಲಿ ಮುಗಿಯುತ್ತವೆ. ಆ ಪ್ರಶ್ನೆ: ಈ ಪದದಿಂದ ಮುಂದಿನ ಪದಕ್ಕೆ ಹೋಗಬೇಕಾದರೆ ಎಷ್ಟರಿಂದ ಗುಣಿಸಬೇಕು?

ಬರವಣಿಗೆಯ ಬಗ್ಗೆ ಒಂದು ಮಾತು. ಬೋರ್ಡಿನ ಮೇಲೆ ಎನ್ ಅಂತ ಬರೆಯುವ ಕಡೆ ಇಲ್ಲಿ "ನ" ಅಂತ ಬರೆದಿದ್ದೇನೆ. ಪ(ನ) ಅಂದರೆ ಸೀಕ್ವೆನ್ಸ್‌ನ ನ-ನೇ ಪದ. 3^ನ ಅಂದರೆ 3ರ ನ-ನೇ ಘಾತ. ನ! ಅಂದರೆ 1ರಿಂದ ನ ವರೆಗಿನ ಎಲ್ಲ ಅಂಕಿಗಳ ಗುಣಲಬ್ಧ, 0! = 1. ಈ ಉದ್ಗಾರ ಚಿಹ್ನೆಯನ್ನು ಇದಕ್ಕೆ ಮೊದಲು ಬಳಸಿದವನು ಕ್ರಿಸ್ಟಿಯನ್ ಕ್ರಾಂಪ್, 1808ರಲ್ಲಿ.

ಮೊದಲು ಪ್ರಶ್ನೆ ಏನು ಅಂತ ನೋಡಿ

ಪೇಪರಿನಲ್ಲಿ ಕೇಳಿದ್ದು ಸೀಕ್ವೆನ್ಸೋ ಸೀರೀಸೋ? ಅರ್ಧ ಮಾರ್ಕ್ಸ್ ಹೋಗುವುದು ಇಲ್ಲೇ. ಸೀಕ್ವೆನ್ಸ್ ಅಂದರೆ ಪದಗಳ ಸಾಲು: ಪ(1), ಪ(2), ಪ(3)... ಸಾಲು ಮುಂದೆ ಹೋದಂತೆ ಯಾವುದಾದರೂ ಒಂದೇ ಸಂಖ್ಯೆಯ ಹತ್ತಿರಕ್ಕೆ, ಬೇಕಾದಷ್ಟು ಹತ್ತಿರಕ್ಕೆ ಬಂದು ಅಲ್ಲೇ ಉಳಿಯುತ್ತದೆಯೇ ಅನ್ನುವುದು ಪ್ರಶ್ನೆ. ಉಳಿದರೆ, ಅಂದರೆ ನಿಂತರೆ, ಕನ್ವರ್ಜ್, ಕನ್ನಡದ ಪುಸ್ತಕದ ಮಾತಿನಲ್ಲಿ ಅಭಿಸರಣ. ಆ ಸಂಖ್ಯೆಯೇ ಲಿಮಿಟ್. ಉಳಿಯದಿದ್ದರೆ ಡೈವರ್ಜ್. ಅನಂತಕ್ಕೆ ಏರಿದರೆ ಮಾತ್ರ ಡೈವರ್ಜ್ ಅಂತ ತಿಳಿಯಬೇಡಿ. 1, −1, 1, −1 ಅಂತ ಜೋಕಾಲಿ ಆಡಿದರೂ ಅದು ಡೈವರ್ಜೇ.

ಸೀರೀಸ್ ಅಂದರೆ ಆ ಪದಗಳನ್ನು ಕೂಡಿಸುತ್ತಾ ಹೋಗುವುದು. ಎರಡಕ್ಕೂ ತೀರ್ಪು ಬೇರೆ ಬೇರೆ ಬರಬಹುದು. ನ!/(ನ+1)! ತೆಗೆದುಕೊಳ್ಳಿ. ಬಿಡಿಸಿದರೆ ಅದು 1/(ನ+1). ಸೀಕ್ವೆನ್ಸ್ ಆಗಿ ನೋಡಿದರೆ 1/2, 1/3, 1/4... ಸೊನ್ನೆಗೆ ಹೋಗುತ್ತದೆ, ಕನ್ವರ್ಜ್. ಅವನ್ನೇ ಕೂಡಿಸುತ್ತಾ ಹೋದರೆ ಮೊತ್ತಕ್ಕೆ ಕೊನೆಯೇ ಇಲ್ಲ, ಡೈವರ್ಜ್. ಅದೇ 1/ನ! ಆದರೆ ಸೀಕ್ವೆನ್ಸ್ ಸೊನ್ನೆಗೆ ಹೋಗುತ್ತದೆ, ಸೀರೀಸ್ ಕೂಡ ನಿಲ್ಲುತ್ತದೆ, 0! ಸೇರಿಸಿ ಕೂಡಿದರೆ ಮೊತ್ತ ಆಯ್ಲರ್ ಸಂಖ್ಯೆ ಇ, 2.71828... ಈ ಇ ಮುಂದೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ, ನೆನಪಿಡಿ.

ಇಲ್ಲಿಂದ ಮುಂದೆ ನಾನು ಮಾತಾಡುವುದೆಲ್ಲ ಸೀಕ್ವೆನ್ಸ್ ಬಗ್ಗೆ.

ಹಂತ 1: ದೊಡ್ಡದನ್ನು ಬಿಡಿಸಿ, ಸಣ್ಣದು ಸಿಗುವ ತನಕ

ಫ್ಯಾಕ್ಟೋರಿಯಲ್‌ಗೆ ಇರುವ ಒಂದೇ ಗುಟ್ಟು: (ನ+1)! = (ನ+1) × ನ!. ದೊಡ್ಡ ಫ್ಯಾಕ್ಟೋರಿಯಲ್‌ನ ಹೊಟ್ಟೆಯಲ್ಲಿ ಸಣ್ಣದು ಇಡಿಯಾಗಿ ಕೂತಿರುತ್ತದೆ. ಆದ್ದರಿಂದ ಮೇಲೆ ಒಂದು, ಕೆಳಗೆ ಒಂದು ಫ್ಯಾಕ್ಟೋರಿಯಲ್ ಇದ್ದರೆ ಯಾವುದು ದೊಡ್ಡದು ನೋಡಿ, ಅದನ್ನೇ ಒಂದೊಂದು ಮೆಟ್ಟಿಲು ಇಳಿಸುತ್ತಾ ಬನ್ನಿ. ಸಣ್ಣದು ಕಂಡ ಕೂಡಲೇ ನಿಲ್ಲಿಸಿ, ಎರಡನ್ನೂ ಹೊಡೆದುಹಾಕಿ.

ಉದಾಹರಣೆಗೆ (2ನ−1)!/(2ನ+1)!. ಕೆಳಗಿನದು ದೊಡ್ಡದು. ಇಳಿಸಿದರೆ (2ನ+1)! = (2ನ+1) × (2ನ) × (2ನ−1)!. ಮೇಲಿನದು ಸಿಕ್ಕಿತು. ಹೊಡೆದರೆ ಉಳಿಯುವುದು 1/[(2ನ+1)(2ನ)]. ನ ಬೆಳೆದಂತೆ ಸೊನ್ನೆ. ಮುಗಿಯಿತು, ಯಾವ ಟೆಸ್ಟೂ ಬೇಕಿಲ್ಲ.

ನೋಟ್‌ಬುಕ್ ಮುಂದಿಟ್ಟ ಹುಡುಗಿ ಇದೇ ಲೆಕ್ಕದಲ್ಲಿ (2ನ)! ಕಂಡ ಕೂಡಲೇ 2 × ನ! ಅಂತ ಬರೆದಳು. ಗದರಲಿಲ್ಲ. "ನ ಅಂದ್ರ 3 ಅಂತ ಹಾಕಿ ನೋಡವಾ" ಅಂದೆ. ಎಡಕ್ಕೆ 6! = 720, ಬಲಕ್ಕೆ 2 × 6 = 12. ಅವಳೇ ನಕ್ಕು ಅಳಿಸಿದಳು. (2ನ)! ಅಂದರೆ 1ರಿಂದ 2ನ ವರೆಗೆ ಪೂರಾ ಗುಣಾಕಾರ. ಅದರ ಮುಂದಿನ ಪದದಲ್ಲಿ ನ ಬದಲು ನ+1 ಹಾಕಿದಾಗ ಅದು (2ನ+1)! ಆಗುವುದಿಲ್ಲ, (2ನ+2)! ಆಗುತ್ತದೆ. ಒಂದಲ್ಲ, ಎರಡು ಮೆಟ್ಟಿಲು: (2ನ+2)! = (2ನ+2)(2ನ+1) × (2ನ)!. ಈ ಎರಡನೇ ಮೆಟ್ಟಿಲು ಮರೆಯದವರು ನಾನು ನೋಡಿದ ಮಟ್ಟಿಗೆ ಬಹಳ ಕಮ್ಮಿ.

ಅನುಮಾನ ಬಂದಾಗಲೆಲ್ಲ 3 ಹಾಕಿ ನೋಡುವ ರೂಢಿ ಮಾಡಿಕೊಳ್ಳಿ. 1 ಹಾಕಬೇಡಿ, 1 ಹಾಕಿದರೆ 2! = 2 × 1!, ತಪ್ಪೂ ಸರಿಯಾಗಿಯೇ ಕಾಣುತ್ತದೆ.

ಹಂತ 2: ಮುಂದಿನ ಗುಣಕ ಎಷ್ಟು?

ಫ್ಯಾಕ್ಟೋರಿಯಲ್ ಜೊತೆಗೆ ಘಾತ ಬಂದಾಗ ಹಂತ 1 ಒಂದೇ ಸಾಲದು. 3^ನ/ನ! ನೋಡಿ. ಹೊಡೆದುಹಾಕಲು ಏನೂ ಇಲ್ಲ. ಈಗ ಪ(ನ+1)ನ್ನು ಪ(ನ)ದಿಂದ ಭಾಗಿಸಿ:

ಪ(ನ+1)/ಪ(ನ) = [3^(ನ+1)/(ನ+1)!] × [ನ!/3^ನ] = 3/(ನ+1)

ಇದೇ ಮುಂದಿನ ಗುಣಕ, ಇದನ್ನೇ ಅನುಪಾತ ಅಂತಲೂ ಅನ್ನುತ್ತೇವೆ. ಎರಡನೇ ಪದದಿಂದ ಮೂರನೆಯದಕ್ಕೆ ಹೋಗುವಾಗ 3/3, ಅಂದರೆ 1ರಿಂದ ಗುಣಿಸುತ್ತೇವೆ. ಒಂಬತ್ತರಿಂದ ಹತ್ತಕ್ಕೆ ಹೋಗುವಾಗ 3/10ರಿಂದ. ಪದಗಳನ್ನು ಬರೆದರೆ: 3, 4.5, 4.5, 3.375, 2.025, 1.0125, 0.434, 0.163, 0.054, 0.016... ಮೊದಲು ಏರಿತು, ಒಂದು ಗಳಿಗೆ ನಿಂತಿತು, ಆಮೇಲೆ ಇಳಿಯಿತು.

ತೀರ್ಪಿನ ನಿಯಮ ಹೀಗೆ. ಪದಗಳೆಲ್ಲ ಧನ ಸಂಖ್ಯೆಗಳಾಗಿದ್ದು, ಈ ಅನುಪಾತದ ಲಿಮಿಟ್ 1ಕ್ಕಿಂತ ಕಮ್ಮಿ ಬಂದರೆ ಸೀಕ್ವೆನ್ಸ್ ಸೊನ್ನೆಗೆ ಕನ್ವರ್ಜ್ ಆಗುತ್ತದೆ. 1ಕ್ಕಿಂತ ಹೆಚ್ಚು ಅಥವಾ ಅನಂತ ಬಂದರೆ ಡೈವರ್ಜ್. ಸರಿಯಾಗಿ 1 ಬಂದರೆ ತೀರ್ಪು ಇಲ್ಲ, ಬೇರೆ ದಾರಿ ಹಿಡಿಯಬೇಕು.

ಯಾಕೆ ಅಂತ ಕೇಳದೆ ಈ ನಿಯಮ ಬಾಯಿಪಾಠ ಮಾಡಿದವರೇ ಪರೀಕ್ಷೆಯಲ್ಲಿ ಅದನ್ನು ತಿರುವಿ ಬರೆಯುತ್ತಾರೆ. ಕಾರಣ ಬಹಳ ಸರಳ. ಲಿಮಿಟ್ 0.4 ಬಂತು ಅಂದುಕೊಳ್ಳಿ. ಹಾಗಾದರೆ ಯಾವುದೋ ಒಂದು ಪದದ ನಂತರ ಪ್ರತಿ ಗುಣಕವೂ 0.5ಕ್ಕಿಂತ ಕಮ್ಮಿ ಇರಲೇಬೇಕು. ಅಲ್ಲಿಂದ ಮುಂದೆ ಪ್ರತಿ ಪದವೂ ಹಿಂದಿನದರ ಅರ್ಧಕ್ಕಿಂತ ಸಣ್ಣದು. ಹತ್ತು ಹೆಜ್ಜೆಗೆ ಸಾವಿರದ ಒಂದು ಪಾಲಿಗಿಂತ ಕಮ್ಮಿ, ಇಪ್ಪತ್ತು ಹೆಜ್ಜೆಗೆ ಹತ್ತು ಲಕ್ಷದ ಒಂದು ಪಾಲಿಗಿಂತ ಕಮ್ಮಿ. ಸೊನ್ನೆಗೆ ಹೋಗದೆ ಬೇರೆ ಎಲ್ಲಿಗೆ ಹೋದೀತು? ಲಿಮಿಟ್ 1ಕ್ಕಿಂತ ಹೆಚ್ಚಿದ್ದರೆ ಇದೇ ಮಾತು ತಲೆಕೆಳಗು. ಚಕ್ರಬಡ್ಡಿಯ ಸಾಲ ಬೆಳೆದ ಹಾಗೆ ಬೆಳೆಯುತ್ತದೆ, ಅದಕ್ಕೆ ಮೇಲ್ಮಿತಿ ಇಲ್ಲ.

3^ನ/ನ!ಗೆ ಅನುಪಾತ 3/(ನ+1), ಲಿಮಿಟ್ 0. ಆದ್ದರಿಂದ ಸೀಕ್ವೆನ್ಸ್ ಸೊನ್ನೆಗೆ. ತಿರುವಿ ಹಾಕಿ ನ!/3^ನ ಕೊಟ್ಟರೆ ಅನುಪಾತ (ನ+1)/3, ಅದು ಅನಂತಕ್ಕೆ, ಡೈವರ್ಜ್.

ಮೊದಲ ಪದಗಳನ್ನು ನಂಬಿ ನಾನು ಕೆಟ್ಟ ಕಥೆ

ನಾನು ಡಿಗ್ರಿ ಓದುವಾಗ ಇಂಟರ್ನಲ್ ಟೆಸ್ಟಿನಲ್ಲಿ 100^ನ/ನ! ಬಂದಿತ್ತು. ಕ್ಯಾಲ್ಕ್ಯುಲೇಟರ್ ತೆಗೆದು ಒತ್ತಿದೆ: 100, 5000, 1,66,667, ಸುಮಾರು 41.7 ಲಕ್ಷ, ಸುಮಾರು 8.3 ಕೋಟಿ... ಇದು ಎಲ್ಲಿ ಇಳಿದೀತು ಅಂತ ಧೈರ್ಯವಾಗಿ "ಡೈವರ್ಜ್" ಅಂತ ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದೆ. ಸೊನ್ನೆ ಮಾರ್ಕ್ಸ್. ಪೇಪರ್ ಕೊಡುವಾಗ ನಮ್ಮ ಸರ್ ಹೇಳಿದ್ದು ಒಂದೇ ಮಾತು: "ಮುಂದ ಎಲ್ಲಿತನಕ ನಡದ್ ನೋಡೀದಿ?"

ಗುಣಕ ನೋಡಿದ್ದರೆ ಗೊತ್ತಾಗುತ್ತಿತ್ತು: 100/(ನ+1). 99ನೇ ಪದಕ್ಕೆ ಹೋಗುವ ತನಕ ಇದು 1ಕ್ಕಿಂತ ಹೆಚ್ಚು, ಅಲ್ಲಿಯ ತನಕ ಪದ ಏರುತ್ತಲೇ ಹೋಗುತ್ತದೆ. 99ನೇ ಪದ, 100ನೇ ಪದ ಸಮ; ಅಲ್ಲಿ ಬೆಲೆ ಸುಮಾರು 1.07 × 10^42. ಅಷ್ಟು ಎತ್ತರ ಹತ್ತಿದ ಮೇಲೆ ಇಳಿಯಲು ಶುರು. 269ನೇ ಪದದಲ್ಲಿ ಮೊದಲ ಸಲ 1ಕ್ಕಿಂತ ಕೆಳಗೆ ಬರುತ್ತದೆ, ಆಮೇಲೆ ತಿರುಗಿ ನೋಡುವುದೇ ಇಲ್ಲ. ಲಿಮಿಟ್ ಸೊನ್ನೆ. ಕ್ಯಾಲ್ಕ್ಯುಲೇಟರ್ ನನಗೆ ಅಲ್ಲಿಯ ತನಕ ದಾರಿ ತೋರಿಸುತ್ತಲೂ ಇರಲಿಲ್ಲ. ನಮ್ಮ ಕೈಯಲ್ಲಿರುವ ಸಾಮಾನ್ಯ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ 69! ತನಕ ಹೇಳುತ್ತದೆ, 70! ಒತ್ತಿದರೆ ಎರರ್, ಆ ಸಂಖ್ಯೆ 10ರ ನೂರನೇ ಘಾತ ದಾಟಿಬಿಡುತ್ತದೆ.

ಕನ್ವರ್ಜ್ ಅನ್ನುವುದು ಬಾಲದ ವಿಷಯ, ತಲೆಯ ವಿಷಯವಲ್ಲ. ಮೊದಲ ಸಾವಿರ ಪದ ಅಳಿಸಿಹಾಕಿದರೂ ಉತ್ತರ ಬದಲಾಗುವುದಿಲ್ಲ. 100ರ ಜಾಗಕ್ಕೆ ಹತ್ತು ಲಕ್ಷ ಹಾಕಿ, ಕೋಟಿ ಹಾಕಿ. ಸ್ಥಿರ ಸಂಖ್ಯೆಯ ಘಾತ ಯಾವುದೇ ಇರಲಿ, ಕೊನೆಗೆ ಫ್ಯಾಕ್ಟೋರಿಯಲ್ ಕೈಯಲ್ಲಿ ಸೋಲುತ್ತದೆ. ಯಾಕೆಂದರೆ ಘಾತದ ಗುಣಕ ಎಂದಿಗೂ ಅದೇ, ಫ್ಯಾಕ್ಟೋರಿಯಲ್‌ನ ಗುಣಕ ದಿನಾ ಒಂದೊಂದು ಹೆಚ್ಚುತ್ತದೆ.

ನ^5/ನ! ಥರದ್ದು ಬಂದರೆ ಇನ್ನೂ ಸುಲಭ, ಸೊನ್ನೆಗೆ. ಅನುಪಾತದಲ್ಲಿ (1+1/ನ)^5 ಭಾಗ 1ಕ್ಕೆ ಹೋಗುತ್ತದೆ, ಕೆಳಗೆ ನ+1 ಉಳಿಯುತ್ತದೆ.

ಹಂತ 3: ಎದುರಾಳಿ ನ^ನ ಆದಾಗ

ಫ್ಯಾಕ್ಟೋರಿಯಲ್‌ಗಿಂತ ಬಲಶಾಲಿ ಯಾರೂ ಇಲ್ಲವೇ? ಇದ್ದಾರೆ. ನ^ನ. ನ!/ನ^ನ ಬಿಡಿಸಿ ಬರೆಯಿರಿ:

(1/ನ) × (2/ನ) × (3/ನ) × ... × (ನ/ನ)

ಪ್ರತಿ ತುಂಡೂ 1 ಅಥವಾ ಅದಕ್ಕಿಂತ ಕಮ್ಮಿ. ಹಾಗಾದರೆ ಇಡೀ ಗುಣಲಬ್ಧ ಮೊದಲ ತುಂಡಿಗಿಂತ, 1/ನ ಗಿಂತ, ಹೆಚ್ಚಾಗಲಾರದು. ಸೊನ್ನೆಗೂ 1/ನ ಗೂ ನಡುವೆ ಸಿಕ್ಕಿಕೊಂಡಿದೆ. 1/ನ ಸೊನ್ನೆಗೆ ಹೋಗುತ್ತದೆ, ಇದೂ ಹೋಗಲೇಬೇಕು. ಇದಕ್ಕೆ ಸ್ಯಾಂಡ್‌ವಿಚ್ ಅಂತ ಹೆಸರು. ನಾನು ಕ್ಲಾಸಿನಲ್ಲಿ ಎರಡು ರೊಟ್ಟಿ ನಡುವಿನ ಪಲ್ಯ ಅನ್ನುತ್ತೇನೆ. ಮೇಲಿನ ರೊಟ್ಟಿ ತಟ್ಟೆಗೆ ತಾಗಿದರೆ ನಡುವೆ ಪಲ್ಯಕ್ಕೆ ಜಾಗ ಎಲ್ಲಿ?

ಇದನ್ನೇ ಅನುಪಾತದಿಂದ ಮಾಡಿದರೆ ಒಂದು ಸೊಗಸಾದ ಬಲೆ ಕಾಣುತ್ತದೆ.

ಪ(ನ+1)/ಪ(ನ) = [(ನ+1)!/(ನ+1)^(ನ+1)] × [ನ^ನ/ನ!]

(ನ+1)! ಅಂದರೆ (ನ+1) × ನ!. ಕೆಳಗೆ (ನ+1)^(ನ+1) ಅಂದರೆ (ನ+1) × (ನ+1)^ನ. ಮೇಲೆ ಕೆಳಗೆ ನ+1 ಹೊಡೆಯಿತು, ನ! ಹೊಡೆಯಿತು. ಉಳಿದದ್ದು [ನ/(ನ+1)]^ನ.

ಇಲ್ಲಿ ಕ್ಲಾಸಿನಲ್ಲಿ ಒಬ್ಬರಾದರೂ ಕೈ ಎತ್ತಿಯೇ ಎತ್ತುತ್ತಾರೆ: "ಒಳಗಿಂದು 1ಕ್ಕ ಹೋಗ್ತದ, 1ರ ಘಾತ ಎಷ್ಟಿದ್ರೂ 1 ಅಲ್ಲೇನ್ರಿ?" ಅಲ್ಲ. ಒಳಗಿನದು 1ಕ್ಕೆ ಹತ್ತಿರ ಹೋಗುವಷ್ಟೇ ಅವಸರದಲ್ಲಿ ಘಾತವೂ ಬೆಳೆಯುತ್ತಿದೆ. ನ = 10 ಹಾಕಿ: (10/11)^10 ಸುಮಾರು 0.386. ನ = 100 ಹಾಕಿ: 0.370. 1ರ ಕಡೆ ಮುಖವೂ ಮಾಡುವುದಿಲ್ಲ. ಇದು 1/(1+1/ನ)^ನ, ಅದರ ಲಿಮಿಟ್ 1/ಇ, ಅಂದರೆ ಸುಮಾರು 0.368. ಆಗಲೇ ಹೇಳಿದ ಇ ಒಳಗೆ ಬಂದದ್ದು ಈ ಬಾಗಿಲಿನಿಂದ. 0.368 ಎಂಬುದು 1ಕ್ಕಿಂತ ಕಮ್ಮಿ, ಆದ್ದರಿಂದ ಸೊನ್ನೆಗೆ.

ಪ್ರಶ್ನೆಪತ್ರಿಕೆ ಮಾಡುವವರಿಗೆ ಇದು ಬಹಳ ಇಷ್ಟದ ಜಾಗ. ಒಂದು ಲೆಕ್ಕಕ್ಕೆ 2^ನ × ನ!/ನ^ನ ಕೊಡುತ್ತಾರೆ, ಇನ್ನೊಂದಕ್ಕೆ 3^ನ × ನ!/ನ^ನ. ನೋಡಲು ಅಣ್ಣ ತಮ್ಮ. ಅನುಪಾತ ಮೊದಲನೆಯದಕ್ಕೆ 2/ಇ, ಸುಮಾರು 0.736, ಎರಡನೆಯದಕ್ಕೆ 3/ಇ, ಸುಮಾರು 1.104. ಒಂದು ಸೊನ್ನೆಗೆ, ಒಂದು ಅನಂತಕ್ಕೆ. ನೂರನೇ ಪದಕ್ಕೆ ಬರುವಷ್ಟರಲ್ಲಿ ಮೊದಲನೆಯದು 0.0000000000012 ಆಗಿರುತ್ತದೆ, ಎರಡನೆಯದು 4.8 ಲಕ್ಷ ದಾಟಿರುತ್ತದೆ. 2ಕ್ಕೂ 3ಕ್ಕೂ ನಡುವೆ ಇ ಎಂಬ ಗಡಿಕಲ್ಲು ನೆಟ್ಟಿದೆ, ಅಷ್ಟೇ.

ನಡುವೆ ಒಂದು ಊರು: ಮಳಖೇಡ

ಸೇಡಂ ಬಸ್ಸು ಮಳಖೇಡದ ಮೇಲೆ ಬರುತ್ತದೆ. ಹುಡುಗಿಯರು ಕಾಗಿಣಾ ನದಿ, ಕೋಟೆ ನೋಡುತ್ತಾ ಬರುತ್ತಾರೆ. ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ ಅಂತ ಸ್ಕೂಲಿನಲ್ಲೇ ಓದಿದ್ದಾರೆ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟು ಅನ್ನುವುದಕ್ಕೆ ಸಾಮಾನ್ಯ ಸೂತ್ರ ಕೊಟ್ಟವನು ಅವನು. 1ರಿಂದ ಏರುವ ಅಂಕಿಗಳನ್ನು ನೇರವಾಗಿಯೂ ತಿರುವಾಗಿಯೂ ಬರೆದು, ಒಂದು ಸಾಲಿನ ಗುಣಲಬ್ಧವನ್ನು ಇನ್ನೊಂದರ ಗುಣಲಬ್ಧದಿಂದ ಭಾಗಿಸುವ ಕ್ರಮ. ಉದ್ಗಾರ ಚಿಹ್ನೆ ಹುಟ್ಟಲು ಆಗಿನ್ನೂ ಸಾವಿರ ವರ್ಷದ ಹತ್ತಿರ ಇತ್ತು.

ಅವನ ಸೂತ್ರದ ಪ್ರಕಾರ 2ನ ವಸ್ತುಗಳಲ್ಲಿ ನ ಆರಿಸುವ ಬಗೆಗಳು (2ನ)!/(ನ!)^2: 2, 6, 20, 70, 252... ಇದು ನಿಲ್ಲುತ್ತದೋ ಹೋಗುತ್ತದೋ? ಗುಣಕ (2ನ+2)(2ನ+1)/(ನ+1)^2. 2ನ+2 ಅಂದರೆ 2(ನ+1), ಒಂದು ನ+1 ಹೊಡೆಯಿತು, 2(2ನ+1)/(ನ+1) ಉಳಿಯಿತು. ಲಿಮಿಟ್ 4. ಡೈವರ್ಜ್.

ಈಗ ಇದನ್ನೇ 4^ನ ದಿಂದ ಭಾಗಿಸಿ. ಗುಣಕವೂ 4ರಿಂದ ಭಾಗವಾಗಿ ಲಿಮಿಟ್ ಸರಿಯಾಗಿ 1 ಆಗುತ್ತದೆ. ನಿಯಮ ಬಾಯಿ ಮುಚ್ಚಿಕೊಂಡಿತು.

ಹಂತ 4: ಅನುಪಾತ 1 ಬಂದರೆ

ಗಾಬರಿ ಬೇಡ, ಆದರೆ "ಅನುಪಾತ 1, ಆದ್ದರಿಂದ ಲಿಮಿಟ್ 1" ಅಂತ ಮಾತ್ರ ಬರೆಯಬೇಡಿ. ಮೂರು ಸೀಕ್ವೆನ್ಸ್ ಪಕ್ಕಪಕ್ಕ ಇಟ್ಟು ನೋಡಿ. (ನ+2)!/ನ! ಬಿಡಿಸಿದರೆ (ನ+2)(ನ+1), ಅನಂತಕ್ಕೆ. (ನ+1)!/(ನ × ನ!) ಬಿಡಿಸಿದರೆ (ನ+1)/ನ, 1ಕ್ಕೆ. ನ!/(ನ+1)! ಬಿಡಿಸಿದರೆ 1/(ನ+1), ಸೊನ್ನೆಗೆ. ಮೂರಕ್ಕೂ ಅನುಪಾತದ ಲಿಮಿಟ್ 1. ತೀರ್ಪು ಮೂರು ಬಗೆ. ಈ ಮೂರೂ ಹಂತ 1ರಲ್ಲೇ ಮುಗಿಯುವಂಥವು ಅನ್ನುವುದನ್ನೂ ಗಮನಿಸಿ. ಮೊದಲು ಬಿಡಿಸಿ ನೋಡದೆ ಅನುಪಾತಕ್ಕೆ ಓಡಿದವರಿಗೇ ಈ ತೊಂದರೆ.

ಬಿಡಿಸಿದರೂ ಬಿಡದಿರುವುದು ಈಗಷ್ಟೇ ನೋಡಿದ (2ನ)!/[4^ನ × (ನ!)^2]. ಮೊದಲ ಪದಗಳು 1/2, 3/8, 5/16, 35/128. ಗುಣಕ (2ನ+1)/(2ನ+2), ಅದು ಯಾವಾಗಲೂ 1ಕ್ಕಿಂತ ಸ್ವಲ್ಪವೇ ಕಮ್ಮಿ. ಹಾಗಾಗಿ ಪದಗಳು ಇಳಿಯುತ್ತಲೇ ಹೋಗುತ್ತವೆ, ಸೊನ್ನೆಗಿಂತ ಕೆಳಗೆ ಹೋಗಲಾರವು. ಇಳಿಯುವ ಸೀಕ್ವೆನ್ಸ್‌ಗೆ ಕೆಳಗೆ ನೆಲ ಇದ್ದರೆ ಅದು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಕನ್ವರ್ಜ್ ಅನ್ನುವುದು ಇಷ್ಟಕ್ಕೇ ಸಿಕ್ಕಿತು. ಪ್ರಶ್ನೆಯಲ್ಲಿ ಕನ್ವರ್ಜೋ ಡೈವರ್ಜೋ ಅಂತಷ್ಟೇ ಕೇಳಿದ್ದರೆ ಇಲ್ಲಿಗೇ ಪೆನ್ನು ಇಡಬಹುದು.

ಲಿಮಿಟ್ ಕೂಡ ಕೇಳಿದರೆ? ಇಲ್ಲಿರುವ ಉಪಾಯ ನನಗೆ ಇಡೀ ಪಾಠದಲ್ಲೇ ಅತಿ ಇಷ್ಟದ್ದು. ಗುಣಕಗಳನ್ನೆಲ್ಲ ಜೋಡಿಸಿ ಬರೆದರೆ

ಪ(ನ) = (1/2) × (3/4) × (5/6) × ... × [(2ನ−1)/(2ನ)]

ಇದರ ಪಕ್ಕಕ್ಕೆ ಇನ್ನೊಂದು ಗುಣಲಬ್ಧ ಕಟ್ಟಿ, ಪ್ರತಿ ತುಂಡಿನಲ್ಲೂ ಮೇಲೆ ಕೆಳಗೆ ಒಂದೊಂದು ಹೆಚ್ಚಿಸಿ:

ಬ(ನ) = (2/3) × (4/5) × (6/7) × ... × [(2ನ)/(2ನ+1)]

1/2 ಗಿಂತ 2/3 ದೊಡ್ಡದು, 3/4 ಗಿಂತ 4/5 ದೊಡ್ಡದು. ಹೀಗೆ ತುಂಡಿಗೆ ತುಂಡು ಹೋಲಿಸಿದರೆ ಪ(ನ) < ಬ(ನ). ಈಗ ಎರಡನ್ನೂ ಗುಣಿಸಿ. 1/2ರ ಕೆಳಗಿನ 2, 2/3ರ ಮೇಲಿನ 2ನ್ನು ಹೊಡೆಯುತ್ತದೆ. 3 ಮುಂದಿನ 3ನ್ನು, 4 ಮುಂದಿನ 4ನ್ನು. ಹಲ್ಲಿಗೆ ಹಲ್ಲು ಕೂತ ಹಾಗೆ ಎಲ್ಲ ಹೋಗಿ ಕೊನೆಗೆ ಉಳಿಯುವುದು 1/(2ನ+1). ಪ(ನ) ಸಣ್ಣದು, ಬ(ನ) ದೊಡ್ಡದು, ಎರಡರ ಗುಣಲಬ್ಧ 1/(2ನ+1). ಆದ್ದರಿಂದ ಪ(ನ)ದ ವರ್ಗ 1/(2ನ+1)ಕ್ಕಿಂತ ಕಮ್ಮಿ. ಅಂದರೆ ಪ(ನ) < 1/√(2ನ+1). ಮತ್ತೆ ರೊಟ್ಟಿ ನಡುವೆ ಪಲ್ಯ. ಲಿಮಿಟ್ ಸೊನ್ನೆ.

ಆದರೆ ಎಷ್ಟು ನಿಧಾನ ನೋಡಿ: ನೂರನೇ ಪದ ಇನ್ನೂ 0.056ರ ಆಸುಪಾಸಿನಲ್ಲಿದೆ. 3^ನ/ನ! ಒಂಬತ್ತನೇ ಪದಕ್ಕೇ ಅಲ್ಲಿಗೆ ಬಂದಿತ್ತು.

ಋಣ ಚಿಹ್ನೆ ಬಂದರೆ

(−1)^ನ ಅಥವಾ (−3)^ನ ಕಂಡರೆ ಮೊದಲು ಚಿಹ್ನೆ ಕಿತ್ತು ಪಕ್ಕಕ್ಕಿಡಿ. ಉಳಿದದ್ದು ಸೊನ್ನೆಗೆ ಹೋದರೆ ಚಿಹ್ನೆ ಹಚ್ಚಿದರೂ ಸೊನ್ನೆಗೇ, (−3)^ನ/ನ! ಹೀಗೆ. ಉಳಿದದ್ದು ಸೊನ್ನೆಯಲ್ಲದ ಸಂಖ್ಯೆಗೆ ಹೋದರೆ ಚಿಹ್ನೆ ಅದನ್ನು ಕೆಡಿಸುತ್ತದೆ: (−1)^ನ × (ನ+1)!/(ನ × ನ!) ಒಮ್ಮೆ 1ರ ಹತ್ತಿರ, ಒಮ್ಮೆ −1ರ ಹತ್ತಿರ. ಡೈವರ್ಜ್.

ಕೊನೆಯ ಆಯುಧ: ಸ್ಟರ್ಲಿಂಗ್

ಮೇಲಿನ ಯಾವುದಕ್ಕೂ ಬಗ್ಗದ ಲೆಕ್ಕಕ್ಕೆ 1730ರಲ್ಲಿ ಜೇಮ್ಸ್ ಸ್ಟರ್ಲಿಂಗ್ ಪ್ರಕಟಿಸಿದ ಕೆಲಸದಿಂದ ಬಂದ ಸೂತ್ರವಿದೆ. ನ ದೊಡ್ಡದಾದಾಗ ನ! ಅನ್ನುವುದು √(2 × ಪೈ × ನ) × (ನ/ಇ)^ನ ಗೆ ಬಹಳ ಹತ್ತಿರ. ಎರಡರ ಅನುಪಾತ 1ಕ್ಕೆ ಹೋಗುತ್ತದೆ. 10!ಗೆ ಹಾಕಿದರೆ ತಪ್ಪು ನೂರಕ್ಕೆ ಒಂದಕ್ಕಿಂತ ಕಮ್ಮಿ.

ಗಡಿಕಲ್ಲಿನ ಮೇಲೇ ಕಾಲಿಟ್ಟರೆ ಏನಾಗುತ್ತದೆ ಅಂತ ನೋಡಲು ಇದನ್ನು ಬಳಸಿ. ಇ^ನ × ನ!/ನ^ನ. ಅನುಪಾತದ ಲಿಮಿಟ್ 1. ಸ್ಟರ್ಲಿಂಗ್ ಹಾಕಿದರೆ (ನ/ಇ)^ನ ಪೂರಾ ಹೊಡೆದು √(2 × ಪೈ × ನ) ಉಳಿಯುತ್ತದೆ. ಅನಂತಕ್ಕೆ ಹೋಗುತ್ತದೆ, ಆದರೆ ಎತ್ತಿನ ಬಂಡಿಯ ವೇಗದಲ್ಲಿ: ನೂರನೇ ಪದ ಬರೀ 25. ನ!ದ ನ-ನೇ ಮೂಲವನ್ನು ನ ದಿಂದ ಭಾಗಿಸಿದರೆ 1/ಇ ಗೆ ನಿಲ್ಲುತ್ತದೆ ಅನ್ನುವುದೂ ಈ ಸೂತ್ರದಿಂದ ಒಂದೇ ಸಾಲಿನಲ್ಲಿ ಬರುತ್ತದೆ.

ಹಂತ 1, 2ರಲ್ಲಿ ಆಗುವ ಲೆಕ್ಕಕ್ಕೆ ಇದನ್ನು ತರಬೇಡಿ. ಈರುಳ್ಳಿ ಹೆಚ್ಚಲು ಕೊಡಲಿ ಬೇಕಿಲ್ಲ. ಪ್ರೂಫ್ ಕೇಳಿದ ಕಡೆ ಸ್ಟರ್ಲಿಂಗ್ ಹೆಸರು ಬರೆದು ಜಾರಿಕೊಂಡರೆ ಮಾರ್ಕ್ಸ್ ಕತ್ತರಿಸುವವರೂ ಇದ್ದಾರೆ.

ಬಸ್ಸಿನಲ್ಲಿ ಮಾಡಲು ಕೊಟ್ಟವು

ಉತ್ತರವನ್ನೂ ಜೊತೆಗೇ ಬರೆದಿದ್ದೇನೆ, ದಾರಿ ನೀವು ಹುಡುಕಿ. (ನ!)^2/(2ನ)! ಸೊನ್ನೆಗೆ, ಅನುಪಾತ 1/4. (ನ+3)!/(ನ^3 × ನ!) 1ಕ್ಕೆ; ಬಿಡಿಸಿದರೆ ಸಾಕು. (3ನ)!/(ನ!)^3 ಡೈವರ್ಜ್, ಅನುಪಾತ 27, ಇಲ್ಲಿ ಮೂರು ಮೆಟ್ಟಿಲು. ನ!/2^(ನ^2) ಸೊನ್ನೆಗೆ, ಸ್ಥಿರ ಸಂಖ್ಯೆಯ ಘಾತ ಸೋಲುತ್ತದೆ ಅಂದಿದ್ದೆನಲ್ಲ, ಇಲ್ಲಿ ಘಾತದಲ್ಲಿರುವುದು ನ ಅಲ್ಲ, ನ ದ ವರ್ಗ. ಗುಣಕ (ನ+1)/2^(2ನ+1) ಆಗುತ್ತದೆ, ಫ್ಯಾಕ್ಟೋರಿಯಲ್ ಉಸಿರೆತ್ತುವುದಿಲ್ಲ.

ಕೊನೆಯದು (2ನ)!/ನ^(2ನ). ಮೊದಲ ಪದ 2, ಎರಡನೆಯದು 1.5, ಮೂರನೆಯದು 720/729. ಆರೂ ಜನ ಬಸ್ಸಿನಲ್ಲೇ ಇದಕ್ಕೆ ಕೂತರು. ಮೂವರು ಅನುಪಾತ 4 ಅಂತ ಬರೆದು ಡೈವರ್ಜ್ ಅಂದರು. [ನ/(ನ+1)]^(2ನ) ಅನ್ನು 1 ಅಂತ ಹಿಡಿದಿದ್ದರು. ಇಬ್ಬರು ಅರ್ಧಕ್ಕೆ ಬಿಟ್ಟಿದ್ದರು. ಕಿಟಕಿ ಪಕ್ಕ ಕೂತವಳು ಮಾತ್ರ 4/ಇ^2, ಅಂದರೆ ಸುಮಾರು 0.54, ಸೊನ್ನೆಗೆ ಅಂತ ಬರೆದು ತಂದಿದ್ದಳು. "ಕಿಟಕಿ ಸೀಟಿಗಿ ಗಾಳಿ ಬರ್ತದ್ರಿ ಅಕ್ಕೋರೆ, ತಲಿ ಓಡ್ತದ" ಅಂತ ಉಳಿದವರ ದೂರು.